ಅಳತೆ ತೆಗೆದವರೇ ಹೊಲಿಯಬೇಕು

ಬಾಡಿಗೆ ಕೋಣೆ, ಮೂರನೇ ಮಹಡಿ
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ‘ಗುಂಡುಕಲ್ಲಿನ ಹಾಗಿದ್ದೀನಿ’ ಅಂತ ಫೋನಿನಲ್ಲಿ ಹೇಳುವ ಉತ್ತರ ಬೇಡ, ನಿಜ ಹೇಳು. ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿದೆಯಾ? ಮಂಡಿಯ ಕೆಳಗೆ, ಕಾಲು ಕತ್ತರಿಸಿದ ಜಾಗ ಕೆಂಪಾಗಿದೆಯಾ? ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಆದರೆ ಇದಕ್ಕೆ ಬೇಕು. ಹಿಡಿದು ನೋಡಿಕೋ.

ನಾನು ಚೆನ್ನಾಗಿದ್ದೇನೆ. ಊರಲ್ಲಿ ಅಷ್ಟು ಜನಕ್ಕೆ ಕೃತಕ ಕಾಲು ಮಾಡಿ ನಡೆಸಿದವಳು ಈ ಪರದೇಶದಲ್ಲಿ ಮತ್ತೆ ಪರೀಕ್ಷೆ ಬರೆದು, ಪಾಸಾದ ಮೇಲೂ ಬಹಳ ದಿನ ಬೇರೆಯವರು ಮಾಡಿದ ಕಾಲಿಗೆ ಪಟ್ಟಿ ಹೊಲಿಯುತ್ತಾ ಕೂತಿದ್ದೆನಲ್ಲ, ಈಗ ನನ್ನದೇ ಮೇಜು ಕೊಟ್ಟಿದ್ದಾರೆ. ಇಲ್ಲಿ ಅಳತೆ ತೆಗೆಯಲು ಯಂತ್ರ, ನಡಿಗೆ ನೋಡಲು ನೆಲದಲ್ಲೇ ಇನ್ನೊಂದು ಯಂತ್ರ. ನಾನು ಮಾತ್ರ ಹಳೇ ಅಭ್ಯಾಸದಂತೆ ಕಣ್ಣು ಮುಚ್ಚಿ ಹೆಜ್ಜೆಯ ಸದ್ದು ಕೇಳುತ್ತೇನೆ. ನಿದ್ದೆ ಹೊಡೆಯುತ್ತಿದ್ದಾಳೆ ಅಂದುಕೊಂಡಿದ್ದಳಂತೆ ಮೇಲ್ವಿಚಾರಕಿ! ಅಂದಹಾಗೆ, ಈ ಕೆಲಸ ಕೊಡಿಸಿದ್ದು ನನ್ನ ಸರ್ಟಿಫಿಕೇಟಲ್ಲ, ನಿನ್ನ ಕಾಲು. ನಾನು ಮಾಡಿಕೊಟ್ಟ ಆ ಕಾಲಿನಿಂದ ನೀನು ಹೊಲಿಗೆ ಮೆಷಿನ್ ತುಳಿಯುವ ವಿಡಿಯೊವನ್ನು ಸಂದರ್ಶನದಲ್ಲಿ ತೋರಿಸಿದೆ. ಇನ್ನೊಮ್ಮೆ ಹಾಕಿಸಿ ನೋಡಿದರು. ಆಗ ಹೆಮ್ಮೆಯಿಂದ ಬೀಗಿದ್ದೆ. ಈಗ ಆ ವಿಡಿಯೊ ತೆರೆಯಲು ಮನಸ್ಸಾಗುವುದಿಲ್ಲ.

ಹೋದ ವಾರ ಫೋನನ್ನು ಮೇಜಿನ ಮೇಲಿಟ್ಟು ಕತ್ತರಿ ತರಲು ಎದ್ದೆಯಲ್ಲ, ಆಗ ಕೇಳಿಸಿತು. ಟಕ್ ಅನ್ನಬೇಕಾದ ಕಾಲು ಸರ್ರನೆ ಎಳೆದು, ಆಮೇಲೆ ಟಕ್ ಅಂದಿತು. ಕೇಳಿದರೆ ‘ನೆಲ ಒದ್ದೆ ಇತ್ತು ಕಣೇ’ ಅಂದೆ. ನನ್ನ ಕಿವಿಗೆ ಹೂ ಇಡಬೇಡ ಅಪ್ಪಾ. ನೀನು ಸೊರಗಿದ್ದೀಯ, ಮೊಂಡುಗಾಲು ಕೂರುವ ಬಟ್ಟಲು ಸಡಿಲವಾಗಿದೆ, ಒಳಗೆ ಕಾಲುಚೀಲದ ಮೇಲೆ ಕಾಲುಚೀಲ ತುರುಕಿಕೊಂಡು ನಡೆಯುತ್ತಿದ್ದೀಯ. ಅಮ್ಮನನ್ನು ಗದರಿಸಿ ಕೇಳಿದಾಗ ರಕ್ತವೂ ಬಂದಿತ್ತು ಅಂದಳು. ಸಕ್ಕರೆ ಕಾಯಿಲೆಯವನಿಗೆ ಗಾಯ ಅಂದರೆ ಏನು ಅಂತ ನಿನಗೆ ಹೇಳಿಕೊಡಬೇಕೇ? ಕಾಲು ಹೋದದ್ದೇ ಹಾಗಲ್ಲವೇ? ಈ ಸಲ ಮಂಡಿಯೇ ಹೋದೀತು.

ಅಲ್ಲಿ ನನ್ನ ಜೊತೆ ಕೃತಕ ಕಾಲು ಮಾಡುತ್ತಿದ್ದವನು, ನೀನು ಗಡಿಬಿಡಿ ಅಂತ ಹೆಸರಿಟ್ಟವನು, ನಾನು ಹೇಳಿದ್ದಕ್ಕೇ ಮನೆಗೆ ಬಂದಿದ್ದ. ಚಹಾ ಕೊಟ್ಟೆಯಂತೆ, ಕಾಲು ಮುಟ್ಟಲು ಬಿಡಲಿಲ್ಲವಂತೆ. ‘ಅಳತೆ ತೆಗೆದವರೇ ಹೊಲೀಬೇಕು. ಮಗಳು ಬಂದು ನೋಡ್ತಾಳೆ ಬಿಡು’ ಅಂದೆಯಂತೆ. ಅಯ್ಯೋ, ಇದೇನು ರವಿಕೆಯೇ ಅಪ್ಪಾ! ಬೇರೆ ಟೈಲರ್ ತೆಗೆದ ಅಳತೆ ಹಿಡಿದು ಬಂದವರನ್ನು ನೀನು ಅಂಗಡಿ ಮೆಟ್ಟಿಲಿನಿಂದಲೇ ವಾಪಸು ಕಳಿಸುತ್ತಿದ್ದದ್ದು ನೋಡಿ ಚಿಕ್ಕಂದಿನಲ್ಲಿ ನಗುತ್ತಿದ್ದೆ. ಈಗ ಯಾರ್ಯಾರದೋ ಕಾಲನ್ನು ಕೈಯಲ್ಲಿ ಹಿಡಿದು ಸವರುವಾಗ ಅಳು ಬರುತ್ತದೆ. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಅಜ್ಜಿ ಬೈಯುತ್ತಿದ್ದ ಮಾತು ಕೊನೆಗೆ ನನಗೇ ಅಂಟಿತು ನೋಡು. ನಾನು ಬರಬಾರದಿತ್ತು ಅನ್ನಿಸುತ್ತದೆ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋದರೆ ಅಲ್ಲಿ ಖುಷಿಯಾಗಿಯೂ ಇರುತ್ತೇನೆ. ಅದಕ್ಕೇ ಇನ್ನಷ್ಟು ಸಂಕಟ.

ಗದರಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ ಅಂತ ಅಮ್ಮನಿಗೆ ಹೇಳು. ಇಲ್ಲಿಂದಲೇ ಇಬ್ಬರ ಕಾಲಿಗೂ ಬೀಳುತ್ತೇನೆ, ನಿನ್ನ ಎರಡೂ ಕಾಲಿಗೆ.

ನಿನ್ನ ಬಾಯಿಬಡುಕಿ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಕೆಲಸ ಕಾಯಂ ಮಾಡಿದರು, ನಾನೂ ಒಪ್ಪಿಕೊಂಡೆ. ಇಲ್ಲೇ ನೆಲೆಸಲು ಅನುಮತಿ ಸಿಗುವ ತನಕ ದೇಶ ಬಿಡುವಂತಿಲ್ಲ. ಈ ವರ್ಷ ಬರುವುದಿಲ್ಲ ಅಪ್ಪಾ, ಮುಂದಿನ ವರ್ಷದ್ದೂ ಗೊತ್ತಿಲ್ಲ. ನಾನು ತೆಗೆದಿದ್ದ ನಿನ್ನ ಕಾಲಿನ ಅಚ್ಚು ಅಲ್ಲಿ ಹಳೇ ಕಾರ್ಯಾಗಾರದ ನನ್ನ ಕಪಾಟಿನಲ್ಲೇ ಇತ್ತು. ಒಡೆದುಹಾಕು ಅಂತ ಗಡಿಬಿಡಿಗೆ ಹೇಳಿದೆ, ನಿನ್ನೆ ಒಡೆದನಂತೆ. ನಾನು ತೆಗೆದ ಅಳತೆ ಇನ್ನು ಎಲ್ಲೂ ಇಲ್ಲ. ಈ ಕಾಗದವನ್ನೂ ಅವನ ವಿಳಾಸಕ್ಕೇ ಹಾಕುತ್ತಿದ್ದೇನೆ. ಅವನೇ ತಂದುಕೊಟ್ಟು, ನೀನು ಓದಿ ಮುಗಿಸಲಿ ಅಂತ ಟೇಪು ಹಿಡಿದು ಎದುರಿಗೇ ಕೂತಿರುತ್ತಾನೆ. ಕಾಲು ಚಾಚು ಅಪ್ಪಾ.