ಹತ್ತು ನಿಮಿಷ ಮುಂದಿದ್ದ ಗಡಿಯಾರ

ಅಕ್ಕಾ,

ಮತ್ತೆ ಅದೇ ಕೆಟ್ಟ ಕನಸು. ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಲೇ ಇದ್ದೇನೆ, ನಿನ್ನ ವಾರ್ಡು ಮಾತ್ರ ಬರುವುದೇ ಇಲ್ಲ. ಎದ್ದಾಗ ಮೈಯೆಲ್ಲ ಹಣ್ಣಾಗಿತ್ತು.

ಆದರೂ ಕೆಲಸಕ್ಕೆ ಹೋದೆ. ಕಾಲೇಜಿನಲ್ಲಿ ನೆಲ ಒರೆಸುವಾಗ ವಿಜ್ಞಾನದ ಮೇಡಂ ಒಬ್ಬರೇ ಕೂತಿದ್ದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಇದೆಲ್ಲ ಯಾಕೆ ಅನ್ನಿಸಿದರೂ ಕೇಳಿಯೇಬಿಟ್ಟೆ.

"ಮೇಡಂ, ಕಳೆದುಹೋದ ಹೊತ್ತಿಗೆ ವಾಪಸ್ ಹೋಗೋಕಾಗುತ್ತಾ?"

"ಮುಂದಕ್ಕಾದ್ರೆ ಒಂಚೂರು ಹೋಗ್ಬಹುದಮ್ಮ. ತುಂಬಾ ಜೋರಾಗಿ ಹೋಗೋ ಗಡಿಯಾರ ನಮ್ಮದಕ್ಕಿಂತ ನಿಧಾನ ನಡೆಯುತ್ತೆ, ಅಳೆದು ನೋಡಿದ್ದಾರೆ. ಹಿಂದಕ್ಕೆ ಹೋಗೋ ದಾರಿ ಯಾರಿಗೂ ಸಿಕ್ಕಿಲ್ಲ. ಎಷ್ಟು ವರ್ಷ ಹಿಂದಕ್ಕೆ ಹೋಗ್ಬೇಕಿತ್ತು ನಿಮಗೆ?"

"ಹತ್ತೇ ನಿಮಿಷ," ಅಂದೆ. ಅವರು ನಗಲು ಹೋಗಿ ಕೈಲಿದ್ದ ಪುಸ್ತಕ ಮುಚ್ಚಿಟ್ಟರು.

ಎಲ್ಲಿ ತಡವಾಗುತ್ತದೋ ಎಂಬ ಭಯಕ್ಕೆ ಮನೆಯ ಗಡಿಯಾರವನ್ನು ಹತ್ತು ನಿಮಿಷ ಮುಂದಿಡುತ್ತಿದ್ದೆನಲ್ಲ? "ಮೊದಲೇ ಹೋಗಿ ಯಾರ ಗಂಟು ಹೊಡೀತೀಯೇ?" ಎಂದು ನೀನು ಆಡಿಕೊಳ್ಳುತ್ತಿದ್ದೆ. ಆ ದಿನವೂ ಹತ್ತು ನಿಮಿಷ ಕೈಯಲ್ಲಿದೆ ಎಂದುಕೊಂಡು ತಲೆ ಬಾಚಿ, ಬೀಗವನ್ನು ಎರಡೆರಡು ಸಲ ಎಳೆದು ನೋಡಿ ಹೊರಟೆ. ಗಡಿಯಾರ ಮುಂದಿರಲೇ ಇಲ್ಲ, ಸರಿಯಾಗಿತ್ತು. ನಾನು ಬಂದಾಗ ನರ್ಸು ನಿನ್ನ ಮುಖಕ್ಕೆ ಬಟ್ಟೆ ಎಳೆಯುತ್ತಿದ್ದಳು.

"ಹತ್ತು ನಿಮಿಷ ಆಯ್ತಷ್ಟೇ. ನಿಮ್ಮನ್ನೇ ಕೇಳ್ತಿದ್ರು," ಅಂದಳು.

ಆಸ್ಪತ್ರೆ ಸೇರುವ ಮುಂಚೆ ಗಡಿಯಾರ ಸರಿ ಮಾಡಿದವಳು ನೀನೇ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಆದರೆ ಆ ವಾರ ಅದು ನಿಂತುಹೋದಾಗ ಸೆಲ್ಲು ಬದಲಾಯಿಸಿದವಳು ನಾನು. ಅಕ್ಕಾ, ಅದೊಂದನ್ನು ಇನ್ನೊಮ್ಮೆ ಸರಿಯಾಗಿ ನೆನಪು ಮಾಡಿ ನೋಡು. ಮುಳ್ಳು ತಿರುಗಿಸಿದ್ದು ನೀನೇ ತಾನೇ?