ಈ ಬೆಳಿಗ್ಗೆ ಕೇಳದ ಕೂಗು

ಅಪ್ಪಾ,

ಕ್ಯಾನು ಹಿಡಿದು ಪೆಟ್ರೋಲ್ ಸಾಲಿಗೆ ಹೊರಟಿದ್ದೇನೆ, ತಡವಾಗುತ್ತದೆ. ಮರಗೆಣಸಿನ ರವೆ ಡಬ್ಬಿಯಲ್ಲಿದೆ. ಮೀನಿನ ಸಾರನ್ನು ಬಿಸಿ ಮಾಡದೆ ತಿನ್ನಬೇಡ. ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸು. ಕರೆಂಟ್ ಹೋದಾಗಲೆಲ್ಲ ನೀನು ಮರೆಯುತ್ತೀಯ.

ನಿನ್ನೆ ರೇಡಿಯೊದಲ್ಲಿ ರಾಜಧಾನಿ ಅಬುಜಾದ ಮಂತ್ರಿ ಪೆಟ್ರೋಲ್ ಸಬ್ಸಿಡಿ ತೆಗೆದೆವು ಎಂದಾಗ ನನ್ನ ನಾಲಿಗೆ ನಿಲ್ಲಲಿಲ್ಲ. "ಎಲೆಕ್ಷನ್ನಲ್ಲಿ ಊರೆಲ್ಲಾ ಅವ್ರ ಪೋಸ್ಟರ್ ಅಂಟಿಸಿದ್ದು ನೀನೇ ಅಲ್ವಾ? ಈಗ ಆ ಪೋಸ್ಟರನ್ನೇ ಹಿಂಡಿ ಜನರೇಟರಿಗೆ ಹಾಕು" ಅಂದುಬಿಟ್ಟೆ. ಅದೂ ಪಕ್ಕದ ಮನೆಯ ಡಗೋಗೊ ಮಾಮನ ಎದುರಿಗೆ. ಅವರು ನಕ್ಕರು. ನೀನು ರೇಡಿಯೊ ಆರಿಸಿ ಒಳಗೆ ಹೋದೆ.

ಬೆಳಿಗ್ಗೆ ಕರೆಂಟ್ ಬಂತು. ಪ್ರತಿ ಸಲ "ಬಂತ್ರೋ, ಲೈಟು ಬಂತ್ರೋ!" ಅಂತ ಮೊದಲು ಕೂಗುವವನು ನೀನು, ಆಮೇಲೆ ಇಡೀ ವಠಾರ ಕೂಗುತ್ತದೆ. ಇವತ್ತು ನೀನು ಕೂಗಲಿಲ್ಲ, ಹಾಗಾಗಿ ಯಾರೂ ಕೂಗಲಿಲ್ಲ. ಡಗೋಗೊ ಮಾಮ ಬಾಗಿಲಿಗೆ ಬಂದು, "ನಿಮ್ಮಪ್ಪಂಗೆ ಹುಷಾರಿಲ್ವೇನಮ್ಮಾ?" ಅಂದರು. ಅಷ್ಟರಲ್ಲಿ ಕರೆಂಟೂ ಹೋಯಿತು.

ಮತ್ತೆ ಬಂದರೆ ಕೂಗಪ್ಪಾ. ಬಂಕು ನಮ್ಮ ಬೀದಿಯ ತುದಿಯಲ್ಲೇ ಇದೆ. ಸಾಲಿನಲ್ಲಿ ನಿಂತೇ ನಾನೂ ಕೂಗುತ್ತೇನೆ.

ಇಬಿನಾಬೊ