ಬಾಗಿಲಿನ ಪದ್ಯ

ವಡಪಳನಿ, ಚೆನ್ನೈ

ಕನ್ನಡ ಸಂಘದ ಕಾರ್ಯದರ್ಶಿ ಮಂಜುನಾಥರೇ,

ಬಂಡಾಯ ಕಾವ್ಯದ ಉತ್ಸವಕ್ಕೆ ಕರೆದಿರಿ, ಸಂತೋಷ. ಆದರೆ ನಿನ್ನೆ ಫೋನಿನಲ್ಲಿ, "ಅಂದಾನಿ ಸರ್, ಗುಡಿ ಬಾಗಿಲು ತೆಗೀರಿ ಅನ್ನೋ ಪದ್ಯ ಒಂದು ಬಿಟ್ಬಿಡಿ, ಅತಿಥಿಗಳಿಗೆ ಮುಜುಗರ" ಅಂದಿರಲ್ಲ! ಅಯ್ಯಾ, ಅದನ್ನು ಬೀದಿಯಲ್ಲಿ ನಿಂತು ಗುಡುಗಿದ್ದಕ್ಕೇ ನಾಟಕ ಕಂಪನಿ ನನ್ನನ್ನು ಹೊರಹಾಕಿತ್ತು. ಈಗ ಗುಡುಗುವ ದಮ್ಮಿಲ್ಲ. ಎರಡು ಸಾಲಿಗೇ ಉಸಿರು ಸೋಲುತ್ತದೆ.

ಹಾಗಾಗಿ ಮೊಮ್ಮಗಳು ಪ್ರಣಮ್ಯಾ ಓದುತ್ತಾಳೆ. ಕನ್ನಡ ಅಕ್ಷರ ಬಾರದವಳು, ಅದೇ ಪದ್ಯವನ್ನು ತಮಿಳು ಲಿಪಿಯಲ್ಲಿ ಬರೆದುಕೊಂಡಿದ್ದಾಳೆ. "ತಾತಾ, ಆ ಬಾಗಿಲು ಇಪ್ಪೋ ಓಪನ್ ಆಯ್ತಾ?" ಎಂದು ತಮಿಳು ಬೆರೆಸಿ ಕೇಳಿದಳು. ರಂಗದ ಮೇಲೆ ಎಂದೂ ಮಾತು ಮರೆಯದ ನಾನು, ನಿಮ್ಮ ಫೋನಿನ ಮಾತನ್ನೇ ಅವಳಿಗೆ ಒಪ್ಪಿಸಿದೆ.

ಶಾಲು, ಹಾರ ಬೇಡ. ಅವಳಿಗೆ ಮೈಕು, ನನಗೊಂದು ಕುರ್ಚಿ ಸಾಕು. ಕುರ್ಚಿ ಬಾಗಿಲ ಹತ್ತಿರವೇ ಇರಲಿ. ಪದ್ಯ ತಡೆದರೆ ಇಬ್ಬರೂ ಎದ್ದು ಹೊರನಡೆಯುತ್ತೇವೆ.

ದಣಿದ ದನಿಯ,
ಅಂದಾನಿ